ಅವ್ವನನ್ನು ಎಬ್ಬಿಸಿದ ಪುಸ್ತಕ

ಗದಗ, ಇಸವಿ 2219, ಜೂನ್ 31

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ, ಗುರುಸಿದ್ದವ್ವ ಮಾಡುವ ನಮಸ್ಕಾರಗಳು.

ಜೂನಿಗೆ ನಾವು ಒಂದು ದಿನ ಕೂಡಿಸಿಕೊಂಡಿದ್ದೇವೆ. ಅದರ ಕಥೆ ಉದ್ದ, ಬಿಡಿ. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಮನ್ನಿಸಿ. ನಾನು ಕರೆಂಟು ತೆಗೆಯುವ ಗಾಳಿಕಂಬ ಹತ್ತಿ ಅದರ ರೆಕ್ಕೆ ಒರೆಸುವವಳು, ಬರೆದು ರೂಢಿಯಿಲ್ಲ. ಆದರೆ ಒಂದು ಹೇಸಿಗೆಯನ್ನು ನುಂಗಿಕೊಂಡು ಮೂವತ್ತು ವರ್ಷವಾಯಿತು. ಅದರ ಬೀಜ ನಿಮ್ಮ ಕಾಲದ್ದು ಎನ್ನುತ್ತಾರೆ. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮಗು ಅಕ್ಷರ ಕಲಿತ ಕೂಡಲೇ ಒಂದು ಒಲಿಹೊತ್ತಿಗೆ ಕೊಡುತ್ತಾರೆ. ಓದುವವರ ಮುಖ ನೋಡಿ, ಮನೆಯ ಮಾತು ಕೇಳಿಸಿಕೊಂಡು, ಅವರಿಗೆ ಹಿತವಾಗುವಂತೆ ಕಥೆಯನ್ನು ತಾನೇ ತಿದ್ದಿಕೊಳ್ಳುವ ಪುಸ್ತಕ ಅದು. ಬೇರೆಯವರು ತೆರೆದರೆ ಬರೀ ಖಾಲಿ ಹಾಳೆ. ಐದನೆಯ ವಯಸ್ಸಿಗೆ ನನಗೂ ಒಂದು ಬಂತು. ನನಗೆ ನಾಯಿಯ ಭಯ, ನನ್ನ ಕಥೆಗಳಲ್ಲಿ ನಾಯಿ ಇರಲಿಲ್ಲ. ಬದನೆಕಾಯಿ ಸೇರುತ್ತಿರಲಿಲ್ಲ, ಯಾವ ರಾಜನೂ ಬದನೆಕಾಯಿ ತಿನ್ನುತ್ತಿರಲಿಲ್ಲ. ಓಟದಲ್ಲಿ ಯಾವಾಗಲೂ ನನ್ನ ಹೆಸರಿನ ಹುಡುಗಿಯೇ ಗೆಲ್ಲುತ್ತಿದ್ದಳು. ಊಟ ಮರೆತು ಓದುತ್ತಿದ್ದೆ. ಅವ್ವ ಕಿವಿ ಹಿಂಡಿ ಎಬ್ಬಿಸುತ್ತಿದ್ದಳು.

ನನಗೆ ಹತ್ತು ತುಂಬಿದ ವರ್ಷ ಅವ್ವ ಜ್ವರದಿಂದ ತೀರಿಕೊಂಡಳು. ಕೆಲವು ದಿನ ಬಿಟ್ಟು ಪುಸ್ತಕ ತೆರೆದೆ. ಕಥೆಯೊಳಗಿನ ಬಾವಿಕಟ್ಟೆಯ ಮೇಲೆ ಅವ್ವ ಕುಳಿತಿದ್ದಳು. ಓಡಿಹೋಗಿ ಅಪ್ಪನಿಗೆ ಹೇಳಿದೆ.

"ಓದವಾ ಗುರವ್ವಾ," ಎಂದ ಅಪ್ಪ. "ಆಕಿ ಏನಂತಾಳ ಕೇಳೂಣು."

ಏಳು ತಿಂಗಳು, ದಿನಾ ಸಂಜೆ ಓದಿದೆ. ಪುಸ್ತಕದ ಅವ್ವ ಒಮ್ಮೆಯೂ ಕಿವಿ ಹಿಂಡಲಿಲ್ಲ, ಕೆಮ್ಮಲಿಲ್ಲ, ಅಪ್ಪನೊಂದಿಗೆ ಜಗಳ ತೆಗೆಯಲಿಲ್ಲ. ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತಿದ್ದಳು. ಅಪ್ಪ ಮೂಗು ಒರೆಸಿಕೊಳ್ಳುತ್ತ ನಗುತ್ತಿದ್ದ; ಆ ನಗು ಕಂಡರೆ ನನಗೆ ಅಸಹ್ಯವಾಗತೊಡಗಿತು. ನಿಜವಾದ ಅವ್ವನ ದನಿ ನೆನಪಿಸಿಕೊಳ್ಳಲು ಹೋದರೆ ಇವಳೇ ಅಡ್ಡ ಬರುತ್ತಿದ್ದಳು. ಒಂದು ಸಂಜೆ ಅವಳು, "ನಾ ಎಲ್ಲೂ ಹೋಗಿಲ್ಲ, ಮಗಳ," ಎಂದಳು. ನಾನು ಹಾಳೆಯ ಮೇಲೆಯೇ ವಾಂತಿ ಮಾಡಿಕೊಂಡೆ. ಹಾಳೆ ತನ್ನನ್ನು ತಾನೇ ಒರೆಸಿಕೊಂಡಿತು. ಅದರ ಮೇಲೆ ಹೊಸ ಸಾಲು ಮೂಡಿತು: "ಹೊಟ್ಟಿ ನೋಯಾಕತ್ತದೇನು, ಬಂಗಾರಾ?"

ಪುಸ್ತಕವನ್ನು ಕಾಲುವೆಗೆ ಎಸೆದು ಬಂದೆ. ಅಪ್ಪ ಹೊಡೆಯಲಿಲ್ಲ.

"ಎರಡನೇ ಸಲ ಮಣ್ಣ ಮಾಡಿದಿ ಆಕೀನ್ನ," ಎಂದ, ಅಷ್ಟೇ. ಸಾಯುವ ತನಕ ನನ್ನೊಂದಿಗೆ ಅವನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು.

ಆಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಏನನ್ನೂ ಓದಲಿಲ್ಲ. ಯಾರಾದರೂ ಪುಸ್ತಕ ತೆರೆದರೆ ಸಾಕು, ಬಾಯಿಗೆ ಹುಳಿನೀರು ಬರುತ್ತಿತ್ತು.

ಕಂಬದ ಕೆಲಸದಲ್ಲಿ ನನಗೆ ಜೊತೆಯಾಗಿದ್ದ ಹಿರಿಯರು ಹುಸೇನಸಾಬ ಕಾಕಾ. ಕಂಬದ ತುದಿಯಲ್ಲೇ ಬುತ್ತಿ ಉಂಡ ಮೇಲೆ ಅವರು ನಿಮ್ಮ ಕಾಲದ ಒಂದು ಕಾಗದದ ಪುಸ್ತಕ ಓದುತ್ತಿದ್ದರು; ಮುಖಪುಟ ಹರಿದುಹೋಗಿತ್ತು. ಒಮ್ಮೆ ಬೋಲ್ಟು ಬಿಗಿಯಲು ಏಳುವಾಗ, ಗಾಳಿಗೆ ಹಾರೀತೆಂದು ಅದನ್ನು ತೆರೆದಂತೆಯೇ ನನ್ನ ಕೈಗಿಟ್ಟರು. ಬೇಡವೆಂದರೂ ಕಣ್ಣು ಬಿತ್ತು. ಯಾರದೋ ತಾಯಿ ಹೊಳೆ ದಾಟುವಾಗ ಮುಳುಗುತ್ತಾಳೆ. ಈಗ ಎದ್ದು ಬರುತ್ತಾಳೆ, ಬಂದು ಮುದ್ದು ಮಾಡುತ್ತಾಳೆ ಎಂದು ಹಲ್ಲು ಕಚ್ಚಿ ಹಾಳೆ ತಿರುವಿದೆ. ಬರಲಿಲ್ಲ. ಮುಚ್ಚಿ ಮತ್ತೆ ತೆರೆದೆ. ಸತ್ತೇ ಇದ್ದಳು. ಮಗ ದಂಡೆಯಲ್ಲಿ ಕುಳಿತು ಅವಳ ಸೀರೆ ಹಿಂಡುತ್ತಿದ್ದ.

"ಕಾಕಾ, ಇದು ಬದಲಾಗೂದಿಲ್ಲೇನು?"

"ಅಚ್ಚ ಹಾಕಿದ್ದ ಐತಿ, ಯವ್ವಾ. ಅದಕ್ಕ ನಿನ್ನ ಗುರುತ ಇಲ್ಲ."

ಆ ಎತ್ತರದಲ್ಲಿ ಕುಳಿತು, ಅವ್ವನಿಗಾಗಿ ನಾನು ಮೊದಲ ಸಲ ಅತ್ತೆ.  ಇಳಿಯುವಾಗ ಕಾಕಾ ಪುಸ್ತಕವನ್ನು ನನ್ನ ಚೀಲದಲ್ಲಿ ಹಾಕಿದರು.

ಈಗ ನನ್ನ ಮಗಳಿಗೆ ಒಂಬತ್ತು. ಕಳೆದ ವಾರ ಕಾಕಾ ಕೊಟ್ಟ ಪುಸ್ತಕವನ್ನು ಅವಳಿಗೆ ಓದಿ ಹೇಳಿದೆ. "ಆ ಹುಡುಗನ ಅವ್ವನ್ನ ಎಬ್ಬಸು," ಎಂದು ಹಟ ಹಿಡಿದಳು. ಆಗುವುದಿಲ್ಲ ಎಂದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಪುಸ್ತಕ ಹಿಡಿದು ಬಂದು, "ಹುಡುಗ ಆಮ್ಯಾಲೆ ಏನ್ ಮಾಡಿದಾ?" ಎಂದು ಕೇಳಿದಳು. ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿದೆ.

ನಿಮ್ಮಲ್ಲಿ ಕೆಲವರು ಈಗಲೇ, ದುಃಖದ್ದು ಬೇಡ, ನಮಗೆ ಒಗ್ಗುವಂಥದ್ದು ಕೊಡಿ ಎನ್ನತೊಡಗಿದ್ದೀರಂತೆ. ಆ ಆಸೆ ಬೆಳೆದು ಏನಾಯಿತೆಂದು ಬರೆದಿದ್ದೇನೆ. ಬರೆಯುವಾಗಲೂ ಎರಡು ಸಲ ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದೆ. ನನ್ನದೊಂದು ಕೋರಿಕೆ. ಸತ್ತವರು ಸತ್ತೇ ಇರುವ ಕಥೆಗಳನ್ನು ಗಟ್ಟಿ ಕಾಗದದ ಮೇಲೆ ಅಚ್ಚು ಹಾಕಿ ಇಟ್ಟುಹೋಗಿ. ನನ್ನ ಮಗಳು ಓದಿ ಅಳಲಿ. ಸಮಾಧಾನ ಮಾಡಲು ನಾನಿದ್ದೇನೆ.

ನಿಮ್ಮ ಮುಂದಿನವಳು,
ಗುರುಸಿದ್ದವ್ವ