ಕಾವೇರಿಯ ದಾಸವಾಳಕ್ಕೆ ಹಿಟ್ಟು ತಿಗಣೆ

ಬ್ರೂಸ್‌ಪೇಟೆ, ಬಳ್ಳಾರಿ
20 ಮಾರ್ಚ್ 2025

ಪ್ರೀತಿಯ ಕಾವೇರಿಗೆ,

ನಿನ್ನ ಗೆಳತಿ ಮಾಸುಮಾಬಿಯ ಸಲಾಂ. ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನಿನ್ನ ಅಕ್ಕ, ಅವಳ ಕೂಸು ಇಬ್ಬರೂ ಸುಖವಾಗಿದ್ದಾರೆಂದು ನಂಬಿದ್ದೇನೆ. ಅಕ್ಕನ ಬಾಣಂತನಕ್ಕೆಂದು ತೆಕ್ಕಲಕೋಟೆಗೆ ಹೋದ ನೀನು ಫೋನ್ ಮಾಡಿದಾಗೆಲ್ಲ "ಗಿಡ ಹೆಂಗೈತಿ?" ಎಂದು ಕೇಳಿದೆ, ನಾನು ಪ್ರತಿ ಸಲವೂ "ಚಲೋ ಐತಿ" ಎಂದು ಸುಳ್ಳು ಹೇಳಿದೆ. ತಪ್ಪು ತಿಳಿಯಬೇಡ. ನಮ್ಮೆರಡು ಮನೆಗೂ ಒಂದೇ ಗೋಡೆ, ಇಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಅಲ್ಲಿ ನಿನ್ನ ಅತ್ತೆಗೆ ಕೇಳಿಸುತ್ತದೆ. ಬರೆಯೋಣವೆಂದರೆ ರಂಜಾನ್ ತಿಂಗಳ ಕೆಲಸ, ತಡವಾಯಿತು. ನಾಳೆ ನಮ್ಮವರು ಜೀನ್ಸ್ ಪ್ಯಾಂಟಿನ ಗಂಟು ಹೊತ್ತು ತೆಕ್ಕಲಕೋಟೆಯ ಅಂಗಡಿಗೆ ಬರುತ್ತಾರೆ. ಅವರ ಕೈಯಲ್ಲೇ ಈ ಕಾಗದ.

ಹೋಗುವಾಗ ನೀನು ದಾಸವಾಳದ ಕುಂಡವನ್ನು ನನ್ನ ಮಾಳಿಗೆಗೆ ತಂದಿಟ್ಟು ಏನೆಂದೆ, ನೆನಪಿದೆಯಾ? "ನಮ್ಮ ಅತ್ತೆಗೆ ಮೊಣಕಾಲು ಬ್ಯಾನಿ, ಮಾಳಗಿ ಹತ್ತಾಕ ಆಗಂಗಿಲ್ಲ. ನೀರು ಹಾಕಾದು ಮರತರೂ ಮರಿ, ಮುಂಜಾನೆ ದೇವರಿಗೆ ಹೂ ಕೊಡಾದು ಮಾತ್ರ ತಪ್ಪಸಬ್ಯಾಡ ಮಾಸುಮಾ." ನಾನು ಹೂಂ ಎಂದೆ. ಆ ಒಂದು ಹೂಂ ನನ್ನಿಂದ ಎಂಥ ಹೇಸಿಗೆಯಲ್ಲಿ ಕೈಯಿಡಿಸಿತು ಕೇಳು.

ಮೊದಲು ಗೆಣ್ಣಿನಲ್ಲಿ ಬೆಳ್ಳಗೆ ಏನೋ ಕಂಡಿತು. ದಿನವಿಡೀ ಪ್ಯಾಂಟಿನ ದಾರ ಕತ್ತರಿಸುವ ಮನೆ ನಮ್ಮದು, ಚೂರು ಹಾರಿ ಬಂದು ಕೂತಿದೆ ಎಂದುಕೊಂಡೆ. ಉಗುರಿನಿಂದ ತೆಗೆಯಹೋದರೆ ಪಿಚಕ್ಕನೆ ಒಡೆದು ಹಳದಿ ರಸ ಉಗುರೊಳಗೆ ಹೋಯಿತು. ಥೂ! ಕಣ್ಣಿಟ್ಟು ನೋಡುತ್ತೇನೆ, ದಾರಕ್ಕೆ ಕಾಲುಗಳಿವೆ! ಎಲೆಯಡಿ, ಮೊಗ್ಗಿನ ತೊಟ್ಟಿನಲ್ಲಿ, ಒಂದರ ಮೇಲೊಂದು ಬಿದ್ದು ಹೀರುತ್ತಿವೆ. ಎಲೆಯೆಲ್ಲ ಅಂಟಂಟು, ಅಂಟಿನ ಮೇಲೆ ಮಸಿ, ಅದನ್ನು ನೆಕ್ಕಲು ಇರುವೆಗಳ ದಂಡು. ಸಂಜೆ ರೋಜಾದ ಉಪವಾಸ ಬಿಡುವಾಗ ನನ್ನ ನಾದಿನಿ ಸಾಬೂದಾಣಿ ಪಾಯಸ ತಂದಿಟ್ಟಳು. ಬಟ್ಟಲಿನಲ್ಲಿ ಬೆಳ್ಳಗೆ, ದುಂಡಗೆ, ಅಂಟಂಟಾಗಿ ಅವೇ ಕೂತಂತಿತ್ತು. ಎದ್ದು ಹೋಗಿಬಿಟ್ಟೆ.

ನಮ್ಮವರು "ಕಿತ್ತು ಒಗಿಯಾ ಅತ್ಲಾಗ, ಇಲ್ಲಾಂದ್ರ ಹೊಲಕ್ಕ ಹೊಡಿಯೋ ಎಣ್ಣಿ ತಂದು ಹೊಡಿ" ಎಂದರು. ದೇವರ ತಲೆಗೇರುವ ಹೂ, ವಯಸ್ಸಾದವರು ಮುಟ್ಟುವ ಹೂ, ಅದಕ್ಕೆ ವಿಷ ಹೊಡೆಯಲಾ? ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಸೋಸಿ ಸಿಂಪಡಿಸಿದೆ. ಮನೆಮಂದಿಯೆಲ್ಲ ಕೆಮ್ಮಿದೆವು, ಹುಳ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅವುಗಳ ಮೈಮೇಲಿನ ಬಿಳಿ ಪುಡಿಗೆ ನೀರೇ ತಾಗುವುದಿಲ್ಲ, ಜಾರಿ ಹೋಗುತ್ತದೆ.

ಅಷ್ಟರಲ್ಲೂ ಅರಳಿದ ಒಂದೆರಡು ಹೂ ನಿನ್ನ ಅತ್ತೆಗೆ ತಪ್ಪದೆ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅವು ಮೋರಿಯಲ್ಲಿ ತೇಲುತ್ತಿವೆ. ಕೇಳಿಯೇಬಿಟ್ಟೆ. ನಿನ್ನ ಅತ್ತೆ ಸಾವಂತ್ರಮ್ಮನವರು ಸಮಾಧಾನದಿಂದಲೇ ಹೇಳಿದರು: "ಬಳ್ಳೊಳ್ಳಿ ನಾತ ಹೊಡಿತಾವ ತಂಗಿ. ದೇವರಿಗೆ ನಡಿಯಂಗಿಲ್ಲ." ಮಾತು ಸರಿಯೇ ಅನ್ನಿಸಿತು. ನನಗೇ ನಾಚಿಕೆಯಾಯಿತು.

ಹುಳ ಕೂತ ಎಲೆಯೊಂದನ್ನು ಅವರಿಗೆ ತೋರಿಸಿದೆ. "ಇದು ಹಿಟ್ಟ ತಿಗಣಿ ಅಲ್ಲೇನ? ನಮ್ಮ ತವರಮನಿ ಹತ್ತಿ ಹೊಲದಾಗ ಬೀಳತಿತ್ತು. ಅಂಟವಾಳಕಾಯಿ ನೆನಿ ಹಾಕು, ನೊರಿ ಬರಂಗ ಕಿವಚು, ಒಂದೀಟ ಬೇವಿನೆಣ್ಣಿ ಕಲಸಿ ತಿಕ್ಕು. ನೊರಿ ಹತ್ತಿದ್ರ ಅದರ ಮೈಮ್ಯಾಲಿನ ಹಿಟ್ಟು ಕರಗತೈತಿ" ಎಂದರು. ಒಳಗಿನಿಂದ ಅಂಟುವಾಳವನ್ನೂ ತಂದು ಕಟ್ಟೆಯ ಮೇಲಿಟ್ಟು, ತಗೋ ಎಂದರು. ನಿನ್ನ ಅತ್ತೆ ಒಳ್ಳೆಯವರು ಎಂದು ಮನೆಯಲ್ಲಿ ಹೇಳಿಕೊಂಡು ಬಂದೆ.

ಹಾಗೇ ಮಾಡಿದೆ. ತೀರಾ ಹತ್ತಿಕೊಂಡಿದ್ದ ಟೊಂಗೆಗಳನ್ನು ಕತ್ತರಿಸಿ ಬಕೆಟ್ಟಿನಲ್ಲಿ ಮುಳುಗಿಸಿದೆ. ಉಳಿದದ್ದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೊರೆ ಹಚ್ಚಿ ಗೆಣ್ಣು ಗೆಣ್ಣು ತಿಕ್ಕಿದೆ, ಜೀನ್ಸ್ ಚಿಂದಿಯಿಂದ ಎಲೆಯಡಿ ಒರೆಸಿದೆ. ಬಿಳಿ ಕರಗಿ, ಒಳಗಿನ ನಸುಗೆಂಪು ಮೈ ಕಂಡು, ಚಿಂದಿಗೆ ಮೆತ್ತಿಕೊಂಡು ಬರುತ್ತಿದ್ದವು. ಛೀ, ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಬಿಟ್ಟು ಬಿಟ್ಟು ಹೀಗೇ ತಿಕ್ಕುತ್ತಾ ಬಂದೆ. ಈಗ ಇರುವೆಯೂ ಇಲ್ಲ, ಅಂಟೂ ಇಲ್ಲ. ಹೊಸ ಚಿಗುರು ನೋಡಿದರೆ ನೀನು ಕುಣಿಯುತ್ತೀಯ. ಸಂಜೆ ಬರೀ ನೀರಿನಲ್ಲಿ ತೊಳೆದು, ಬೇವಿನೆಣ್ಣೆಯ ವಾಸನೆಯೂ ಉಳಿಯದಂತೆ ಮಾಡುತ್ತೇನೆ. ದೇವರ ಹೂವನ್ನು ಮೂಸಬಾರದೆಂದು ನನಗೂ ಗೊತ್ತು, ಅದಕ್ಕೇ ಎಲೆಯನ್ನು ಮೂಸಿ ನೋಡುತ್ತೇನೆ. ಬೆಳಿಗ್ಗೆ ಸ್ನಾನ ಮಾಡಿಯೇ ಹೂ ಕೀಳುತ್ತೇನೆ, ದಿನವೂ ತಪ್ಪದೆ ಕೊಡುತ್ತೇನೆ.

ಯುಗಾದಿಗೆ ಬಂದೇ ಬರುತ್ತೀಯಲ್ಲ? ಚಂದ್ರ ಕಂಡರೆ ಮರುದಿನವೇ ನಮ್ಮ ಹಬ್ಬ. ನಿನ್ನ ಹೋಳಿಗೆ ನನಗೆ, ನನ್ನ ಶಾವಿಗೆ ನಿನಗೆ. ಸಾಬೂದಾಣಿ ಮಾತ್ರ ಈ ಜನ್ಮಕ್ಕೆ ಬೇಡ. ಕೂಸಿಗೆ ಅಲ್ಲಾಹ್ ಆಯುಷ್ಯ ಕೊಡಲಿ, ನಿಮ್ಮ ಪಂಪಾಪತಿಯೂ ಕಾಯಲಿ. ಅಕ್ಕನಿಗೆ ತಣ್ಣೀರು ಮುಟ್ಟಲು ಬಿಡಬೇಡ.

ನಿನ್ನ
ಮಾಸುಮಾ

ತಾ.ಕ.: ಇದನ್ನು ಬರೆಯಬಾರದೆಂದೇ ಕಾಗದ ಮಡಚಿದ್ದೆ, ಮನಸ್ಸು ಕೇಳಲಿಲ್ಲ. ಬೆಳಿಗ್ಗೆ ನಾನು ಕೊಟ್ಟ ಹೂಗಳು ಇವತ್ತೂ ಮೋರಿಯಲ್ಲಿದ್ದವು. ಹೂ ಮಾರುವ ವಿರೂಪಮ್ಮ ನಿಮ್ಮ ಮನೆ ಬಾಗಿಲಲ್ಲಿ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. "ನಿಮ್ಮ ದಾಸಾಳ ಗಿಡ ಏನಾತಬೇ, ಹುಳ ಹೋಗಿಲ್ಲೇನು?" ಎಂದು ಕೇಳಿದಳು. ನಿನ್ನ ಅತ್ತೆ ಹೇಳಿದರು: "ಹುಳ ಹೋದ್ವು ಬಿಡು. ಹೂ ಕೀಳೋ ಕೈ ಯಾರದು, ಅದನ್ನ ನೋಡು."

ನಾನು ಮೇಲೆ ಮಾಳಿಗೆಯಲ್ಲಿ ಬ್ರಷ್ ಹಿಡಿದು ನಿಂತಿದ್ದೆ. ಆ ಹುಳ ಉಗುರಿನಲ್ಲಿ ಒಡೆದಾಗಲೂ ನನಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಬೆಳ್ಳುಳ್ಳಿ ಎಂದಾಗ ನಾನು ನಂಬಿದ್ದೆ, ಕಾವೇರಿ.

ಗಿಡದ ತುಂಬ ಮೊಗ್ಗು ಬಂದಿವೆ. ನಿನಗೆ ಮಾತು ಕೊಟ್ಟಿದ್ದೇನೆ. ಕಿತ್ತು ಕೊಡಲೋ, ಗಿಡದಲ್ಲೇ ಬಿಡಲೋ, ನಮ್ಮವರ ಕೈಯಲ್ಲಿ ಹೇಳಿ ಕಳಿಸು.