ಕ್ರೇನ್ ಹತ್ತದಿರುವ ಕಾರಣ

ಮೇಸ್ತ್ರಿಯವರಿಗೆ,

ನಮಸ್ಕಾರ ಹೇಳುವ ಮನಸ್ಸಿಲ್ಲ. ಸಕ್ಕರೆ ಕಾಯಿಲೆಯಿಂದ ಬಂದ ಪಾದದ ನರನೋವಿಗೆ ಡಾಕ್ಟರು ಮೊನ್ನೆ ನನ್ನ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅದರಿಂದ ಬರುವ ತೂಕಡಿಕೆ ನಿಲ್ಲುವವರೆಗೆ ಕ್ರೇನ್ ನಡೆಸಬಾರದು, ಮಾತ್ರೆಯನ್ನು ಒಮ್ಮೆಲೇ ಬಿಡಲೂಬಾರದು ಎಂದು ಚೀಟಿಯಲ್ಲಿ ಬರೆದಿದ್ದಾರೆ. ಅದನ್ನು ಓದಿ ನೀವು ಎಲ್ಲರೆದುರು ಹೇಳಿದ್ದು: "ಮಾತ್ರೆ ಕಸಕ್ಕೆ ಹಾಕಿ ಮೇಲೆ ಹತ್ತಯ್ಯಾ. ಕುಂಟು ನೆಪ ಹೇಳ್ಬೇಡ. ಕ್ರೇನ್ ಓಡಿಸೋದು ಕೈಯಲ್ಲಿ, ಕಾಲಲ್ಲಲ್ಲ!"

ನಾನು ಮಾತ್ರೆ ಬಿಡುವುದಿಲ್ಲ. ನಿದ್ದೆ ತುಂಬಿದ ಕಣ್ಣಲ್ಲಿ ಕ್ರೇನ್ ಹತ್ತುವುದೂ ಇಲ್ಲ. ಡಾಕ್ಟರು ಮತ್ತೆ ನೋಡುವವರೆಗೆ, ಎರಡು ವಾರ, ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಡಿ. ಅದೂ ಆಗದು, ಕೆಲಸದಿಂದಲೇ ತೆಗೆಯುತ್ತೇನೆ ಎನ್ನುವುದಾದರೆ ತೆಗೆಯಿರಿ. ಆದರೆ ಕಾರಣವನ್ನು ಮೊದಲು ನಿಮ್ಮ ಮಗಳಿಗೆ ಹೇಳಿ. ನಾನು ತೊಲೆ ಎತ್ತುವಾಗ ಕೆಳಗೆ ನಿಂತು ಹಗ್ಗ ಹಿಡಿಯುವವನು ಅವಳ ಗಂಡ.

ಇಷ್ಟೇ,
ಕ್ರೇನ್ ಡ್ರೈವರ್