ಮುಂದಿನ ಬೆಂಚಿನ ಕೆಮ್ಮು

ಅಪ್ಪಾ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಆದರೂ ಇವತ್ತಿನದನ್ನು ನಿಮಗೇ ಒಪ್ಪಿಸಬೇಕು.

ನಿಮ್ಮ ಪಾಸ್ಟರ್ ಮಗನಾದ ನಾನು ಬೆಳಿಗ್ಗೆ ಚರ್ಚಿನಲ್ಲಿ ಪ್ರಸಂಗಕ್ಕೆ ನಿಂತಿದ್ದೆ. ವಿಷಯ, ಗರ್ವದಿಂದ ಮೆರೆದು ಕೊನೆಗೆ ದನದಂತೆ ಹುಲ್ಲು ಮೇಯ್ದ ಬೈಬಲಿನ ಆ ರಾಜ. "ಈ ಪಟ್ಟಣ ಕಟ್ಟಿದ್ದು ನಾನೇ ಅಂದ ನೋಡಿ, ಅಲ್ಲೇ ಕೆಟ್ಟ ಅವನು!" ಎಂದು ಮೇಜು ಗುದ್ದಿದೆ. ಅದೇ ಉಸಿರಿನಲ್ಲಿ, ಈ ಹೊಸ ಕಟ್ಟಡ ನಾನು ಕಟ್ಟಿಸಿದ್ದು, ಈ ಮೈಕು ನಾನು ತರಿಸಿದ್ದು, ಈ ಫ್ಯಾನು ನಾನು ಹಾಕಿಸಿದ್ದು ಎಂದೂ ಹೇಳಿಬಿಟ್ಟೆ. ಸಭೆಯವರೆಲ್ಲ "ಆಮೆನ್" ಅಂದರು. ಫ್ಯಾನಿಗೂ ಆಮೆನ್!

ನೀವಿದ್ದಾಗ, ನನ್ನ ಬಾಯಲ್ಲಿ ಮೂರನೇ 'ನಾನು' ಬಂದ ಕೂಡಲೇ ಮುಂದಿನ ಬೆಂಚಿನಿಂದ, ಸಾಕು ಎಂಬಂತೆ, ಎರಡು ಸಲ ಕೆಮ್ಮುತ್ತಿದ್ದಿರಿ. "ಪಾಸ್ಟರ್ ಮಾತಾಡೋವಾಗ ಇದೇನಪ್ಪಾ? ಹಿಂದೆ ಹೋಗಿ ಕೂತ್ಕೊಳ್ಳಿ" ಎಂದು ಒಂದು ದಿನ ಎಲ್ಲರೆದುರೇ ಗದರಿದ್ದೆ. ಆಮೇಲೆ ನೀವು ಬಾಗಿಲ ಪಕ್ಕ, ಚಪ್ಪಲಿಗಳ ಹತ್ತಿರವೇ ಕೂತಿರಿ. ಮತ್ತೆಂದೂ ಕೆಮ್ಮಲಿಲ್ಲ.

ಇವತ್ತು ಮಾತು ನಿಲ್ಲಿಸಿ ಕಾದೆ. ಯಾರೂ ಕೆಮ್ಮಲಿಲ್ಲ. ಕೊನೆಗೆ ನಾನೇ, ಥೇಟ್ ನಿಮ್ಮ ಹಾಗೆ, ಮೈಕಿನಲ್ಲಿ ಎರಡು ಸಲ ಕೆಮ್ಮಿದೆ.

ಹೆಂಗಸರ ಸಾಲಿನಲ್ಲಿದ್ದ ಅಮ್ಮ ಥಟ್ಟನೆ ತಿರುಗಿ ಬಾಗಿಲ ಕಡೆ ನೋಡಿದಳು.